ಅಗ್ಗದ ಟಿಕೆಟಿನ ಹಿಂದಿನ ಲೆಕ್ಕ

ಐರ್ಲೆಂಡಿನ ವಿಮಾನಯಾನ ಸಂಸ್ಥೆ ರಯಾನ್‌ಏರ್ ಅತಿ ಕಡಿಮೆ ದರಕ್ಕೆ ಟಿಕೆಟ್ ಮಾರಿಯೂ ಲಾಭ ಗಳಿಸುತ್ತಿರುವುದನ್ನು ಡಬ್ಲಿನ್‌ನಲ್ಲಿ ಕುಳಿತು ನೋಡುವಾಗ, 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಏರ್ ಡೆಕ್ಕನ್ ಏಕೆ ಉಳಿಯಲಿಲ್ಲವೆಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ದರ ಇಳಿಸಿದ್ದೇ ತಪ್ಪೆಂಬ ವಾದವನ್ನು ನಾನು ಒಪ್ಪಲಾರೆ. ನಮ್ಮಲ್ಲಿ ದರ ಇಳಿದಷ್ಟು ಖರ್ಚು ಇಳಿಯಲಿಲ್ಲ.

ರಯಾನ್‌ಏರ್‌ನ ವಿಮಾನ ಬಂದು ನಿಂತೊಡನೆ ಅದರೊಳಗಿನದೇ ಮೆಟ್ಟಿಲು ಮುಂದಿನ ಬಾಗಿಲಿನಿಂದ ಕೆಳಗಿಳಿಯುತ್ತದೆ, ಹಿಂದಿನ ಬಾಗಿಲೂ ತೆರೆಯುತ್ತದೆ. ಸುಮಾರು 25 ನಿಮಿಷಗಳಲ್ಲಿ ಅದೇ ವಿಮಾನ ಮರುಪಯಣಕ್ಕೆ ಸಿದ್ಧ. ಸೀಟಿನ ಬೆನ್ನಿಗೆ ಜೇಬಿಲ್ಲ, ಸುರಕ್ಷತಾ ಸೂಚನೆಯನ್ನು ಅಲ್ಲಿಯೇ ಅಂಟಿಸಿರುತ್ತಾರೆ, ಸೀಟು ಹಿಂದಕ್ಕೆ ವಾಲುವುದೂ ಇಲ್ಲ. ಹಾಗಾಗಿ ಗುಡಿಸುವುದಕ್ಕೂ ರಿಪೇರಿಗೂ ಹೆಚ್ಚು ಹೊತ್ತು ಹಿಡಿಯದು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ಕೊಳ್ಳುವವರೇ ಕಡಿಮೆಯಾಗಿದ್ದಾಗ, ಈ ಸಂಸ್ಥೆ 2002ರ ಜನವರಿಯಲ್ಲಿ ಬೋಯಿಂಗ್‌ನಿಂದ 100 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಇಂದಿಗೂ ಅದರ ಬಹುಪಾಲು ವಿಮಾನಗಳು ಸ್ವಂತದ್ದೇ.

ಭಾರತದಲ್ಲಿ ಹೆಚ್ಚಿನ ವಿಮಾನಗಳು ಲೀಸಿನವು. ಗಳಿಕೆ ರೂಪಾಯಿಯಲ್ಲಿ, ಬಾಡಿಗೆ ಡಾಲರಿನಲ್ಲಿ. ರೂಪಾಯಿ ಕುಸಿದರೆ ವಿಮಾನ ಭರ್ತಿಯಾಗಿ ಹಾರಿದರೂ ಕೈಕಚ್ಚುತ್ತದೆ. ವಿಮಾನ ಇಂಧನ ಇನ್ನೂ ಜಿಎಸ್‌ಟಿಗೆ ಒಳಪಟ್ಟಿಲ್ಲ, ರಾಜ್ಯಕ್ಕೊಂದು ವ್ಯಾಟ್ ಇದೆ. ಬ್ರಸೆಲ್ಸ್‌ಗೆ ಶಾರ್ಲರ್ವಾ ಇರುವಂತೆ ಬೆಂಗಳೂರಿಗೆ ಅಗ್ಗದ ಎರಡನೆಯ ನಿಲ್ದಾಣವೂ ಇಲ್ಲ. 2008ರಲ್ಲಿ ದೇವನಹಳ್ಳಿ ನಿಲ್ದಾಣ ತೆರೆದಾಗ ಎಚ್‌ಎಎಲ್ ನಿಲ್ದಾಣದ ವಾಣಿಜ್ಯ ಹಾರಾಟ ನಿಂತುಹೋಯಿತು. ಕಿಂಗ್‌ಫಿಷರ್‌ನದಂತೂ ಇನ್ನೂ ವಿಚಿತ್ರ: ವೈಭೋಗದ ಸಂಸ್ಥೆಯೊಂದು ಡೆಕ್ಕನ್ನನ್ನು ಕೊಂಡು ಎರಡನ್ನೂ ಒಂದೇ ಸೂರಿನಡಿ ನಡೆಸಲು ಹೋಗಿ, 2012ರ ಅಕ್ಟೋಬರಿನಲ್ಲಿ ನೆಲಕಚ್ಚಿತು.

ವಿಮಾನ ಬಂದೊಡನೆ ಮಾರಿ, ಅದನ್ನೇ ಬಾಡಿಗೆಗೆ ಪಡೆಯುವ ಉಪಾಯದಿಂದ ಇಂಡಿಗೋ ಬೆಳೆಯಿತು. ಅದು ಈಗ ಕೆಲವು ವಿಮಾನಗಳನ್ನು ಸ್ವಂತಕ್ಕೆ ಉಳಿಸಿಕೊಳ್ಳತೊಡಗಿರುವುದು ಸರಿಯಾದ ಹೆಜ್ಜೆಯೆಂದು ನನ್ನ ಭಾವನೆ. ಇನ್ನು ಲಗೇಜು. ರಯಾನ್‌ಏರ್‌ನ ಆದಾಯದ ಸುಮಾರು ಮೂರನೆಯ ಒಂದು ಭಾಗ ಬ್ಯಾಗು, ಸೀಟಿನ ಆಯ್ಕೆ, ತಿಂಡಿ ಮುಂತಾದವುಗಳಿಂದಲೇ ಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 15 ಕೆಜಿ ಟಿಕೆಟಿನಲ್ಲೇ ಸೇರಿರುತ್ತದೆ. ಊರಿನಿಂದ ಉಪ್ಪಿನಕಾಯಿ, ಸಾರಿನ ಪುಡಿ ಹೊತ್ತು ತರುವ ನನ್ನಂಥವನು ಲಗೇಜಿಗೆ ಬೇರೆಯಾಗಿ ಹಣ ಪಡೆಯಲಿ ಎನ್ನುವುದು ವಿಚಿತ್ರವೇ ಸರಿ. ಆದರೂ ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಬೆಂಗಳೂರಿಗೆ ಬಂದು ಸಂಜೆಯೇ ಮರಳುವವರು ನನ್ನ ಪೆಟ್ಟಿಗೆಯ ಖರ್ಚನ್ನು ಏಕೆ ಭರಿಸಬೇಕು?