ನಕ್ಷತ್ರ ಕಟ್ಟುವ ತಾರೀಕು

ಕ್ರಿಸ್ಮಸ್ಸಿನ ಕಾಗದದ ನಕ್ಷತ್ರವನ್ನು ಮನೆಯ ಮುಂದೆ ಯಾವತ್ತು ಕಟ್ಟಬೇಕು ಎಂಬ ಬಗ್ಗೆ ಕಾರವಾರದ ನಮ್ಮ ಕೇರಿಯಲ್ಲಿ ಎಂದೂ ಒಮ್ಮತವಿರಲಿಲ್ಲ. ಅಜ್ಜನ ಕಾಲದಲ್ಲಿ ಬಿದಿರಿನ ಕಡ್ಡಿ ಸೀಳಿ, ಗಾಳಿಪಟದ ಕಾಗದ ಹಚ್ಚಿ, ಮೈದಾ ಅಂಟು ಒಣಗುವಷ್ಟರಲ್ಲಿ ಅರ್ಧ ಜಗಳ ತಾನಾಗಿಯೇ ಮುಗಿದಿರುತ್ತಿತ್ತು. ಉಳಿದರ್ಧ ಜಗಲಿಯ ಮೇಲೆ, ಚಹಾದೊಂದಿಗೆ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ ನಮಗೆ ಆಗಮನ ಕಾಲ. ಪಾದ್ರಿಗಳ ಮೇಲಂಗಿ ನೇರಳೆಯಾಗುತ್ತದೆ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ. ಮೂರನೆಯ ಭಾನುವಾರಕ್ಕೆ ಮಾತ್ರ ಗುಲಾಬಿ ಬಣ್ಣದ ರಿಯಾಯಿತಿ. ಇದು ಕಾಯುವ ಕಾಲ. ಕಾಯುವುದು ಮೊಬೈಲ್ ಹಿಡಿದವರಿಗೆ ಬಾರದ ವಿದ್ಯೆ.

ಈ ಸಲ ಬೆಳಗಿನ ಆರಕ್ಕೇ ಎದುರುಮನೆಯ ಮಾವಶಿ ಕೇರಿಯ ವಾಟ್ಸಾಪ್ ಗುಂಪಿನಲ್ಲಿ ಬರೆದರು: 'ಬಾಲಯೇಸು ಹುಟ್ಟುವ ಮೊದಲೇ ನಕ್ಷತ್ರ ಕಟ್ಟುವವರಿಗೆ ಅವಸರವೇನು?' ನನ್ನ ನಕ್ಷತ್ರ ಹಿಂದಿನ ರಾತ್ರಿಯಷ್ಟೇ ಮೇಲೇರಿತ್ತು. ಸುಮ್ಮನಿರಬಹುದಿತ್ತು. 'ನಕ್ಷತ್ರ ನೋಡಿಕೊಂಡು ಜ್ಞಾನಿಗಳು ದೂರದಿಂದ ಬರಬೇಕಲ್ಲ, ಮೊದಲೇ ಬೆಳಕು ಬೇಡವೇ?' ಎಂದು ಬರೆದೆ. ಊಟದ ಹೊತ್ತಿಗೆ ವಾದ ನಕ್ಷತ್ರ ಬಿಟ್ಟು, ಪೂಜೆ ಕೊಂಕಣಿಯಲ್ಲೋ ಕನ್ನಡದಲ್ಲೋ ಎಂಬಲ್ಲಿಗೆ ಬಂದು, ಯಾರ ಅಜ್ಜ ನಮ್ಮ ಚರ್ಚಾದ ಇಗರ್ಜಿಗೆ ಎಷ್ಟು ಕೊಟ್ಟಿದ್ದ ಎಂಬಲ್ಲಿ ನಿಂತಿತ್ತು. ಕುವೈತಿನಲ್ಲಿ ಕುಳಿತ, ಇಲ್ಲಿ ನಕ್ಷತ್ರ ಕಟ್ಟಲು ಒಂದು ಮೊಳೆಯೂ ಇಲ್ಲದವನೊಬ್ಬ ಎಲ್ಲರಿಗಿಂತ ಉದ್ದ ಬರೆದ. ಮಾವಶಿ ಗುಂಪನ್ನೇ ಬಿಟ್ಟು ಹೋದರು.

ಗ್ರೀಸಿನ ಕೊರಿಂಥದ ಮೊದಲ ಕ್ರೈಸ್ತರೂ ಹೀಗೆಯೇ ಇದ್ದರು. ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಎಂದು ಬೋಧಕರ ಹೆಸರಲ್ಲಿ ಕಿತ್ತಾಡುತ್ತಿದ್ದವರಿಗೆ ಪೌಲ ಎಫೆಸದಿಂದ ಸಮುದ್ರದಾಚೆ ಪತ್ರ ಕಳಿಸಿದ. ನಾವು ಮದುವೆಗಳಲ್ಲಿ ಓದಿಸುವ 'ಪ್ರೀತಿ ತಾಳ್ಮೆಯುಳ್ಳದ್ದು' ಎಂಬ ಮಾತು ಇರುವುದು ಆ ಪತ್ರದಲ್ಲೇ. ಮದುಮಕ್ಕಳಿಗೆಂದು ಬರೆದದ್ದಲ್ಲ, ನಮ್ಮಂಥವರಿಗೆಂದು ಬರೆದದ್ದು. ಪತ್ರ ತಲುಪುವಷ್ಟರಲ್ಲಿ ಜಗಳಗಂಟರಿಗೆ ಒಂದಿಷ್ಟು ನಿದ್ದೆಯಾದರೂ ಆಗಿರಬೇಕು. ನನಗೆ ನೀಲಿ ಗೆರೆ ಬಿದ್ದ ನಾಲ್ಕು ಸೆಕೆಂಡಿನಲ್ಲಿ ಉತ್ತರ ಬೇಕು.

ನಮ್ಮ ಇಗರ್ಜಿಯ ಪೀಠದ ಪಕ್ಕ ನಾಲ್ಕು ಮೇಣದ ಬತ್ತಿಗಳ ಹಸಿರೆಲೆಯ ಬಳೆಯೊಂದನ್ನು ಇಡುತ್ತಾರೆ. 1839ರಲ್ಲಿ ಹ್ಯಾಂಬರ್ಗಿನ ವಿಖರ್ನ್ ಎಂಬ ಲೂಥರನ್, ಅಂದರೆ ಪ್ರಾಟೆಸ್ಟೆಂಟ್ ಪಾದ್ರಿ, ಕ್ರಿಸ್ಮಸ್ ಯಾವಾಗ ಎಂದು ಪೀಡಿಸುತ್ತಿದ್ದ ಬಡ ಮಕ್ಕಳಿಗಾಗಿ ಗಾಡಿಯ ಚಕ್ರಕ್ಕೆ ಬತ್ತಿ ಸಿಕ್ಕಿಸಿದ್ದು ಅದರ ಮೂಲ. ಲೂಥರನ ಕಡೆಯವರ ಚಕ್ರ ಕಥೋಲಿಕರ ಪೀಠದ ಪಕ್ಕ ಉರಿಯುತ್ತಿದೆ. ಅದರ ಬಗ್ಗೆ ಗುಂಪಿನಲ್ಲಿ ಯಾರೂ ಚಕಾರವೆತ್ತಿಲ್ಲ. ನಾನೂ ಹೇಳಲು ಹೋಗಿಲ್ಲ.

ಮೂರನೆಯ ವಾರ ಮಾವಶಿ ಗೇಟಿನಲ್ಲಿ ನಿಂತಿದ್ದರು.

"ಚಕ್ರ ಕೊಡು, ಪುತಾ."

ನೆವ್ರಿಯ ಅಂಚು ಕತ್ತರಿಸುವ ಹಿತ್ತಾಳೆಯ ಚಕ್ರ ಅದು, ನನ್ನ ಅಜ್ಜಿಯದು. ನೀವು ಕರ್ಜಿಕಾಯಿ ಎನ್ನುವುದೇ ನಮ್ಮ ನೆವ್ರಿ. ಕೇರಿಯಲ್ಲಿ ಇರುವುದು ಅದೊಂದೇ ಚಕ್ರ, ಹಾಗಾಗಿ ಅದಕ್ಕೆ ಗುಂಪು ಬಿಡುವ ಸೌಕರ್ಯವಿಲ್ಲ. ಕೊಟ್ಟೆ. ಅವರು ತಲೆಯೆತ್ತಿ ನನ್ನ ನಕ್ಷತ್ರವನ್ನು ನೋಡಿದರು.

"ಒಂದು ಮೂಲೆ ಹರಿದಿದೆ," ಎಂದು ಹೇಳಿ ಹೋದರು.

ಸಂಜೆ ಬಟ್ಟೆ ಮುಚ್ಚಿದ ತಟ್ಟೆ ಬಂತು: ಹದಿನಾರು ನೆವ್ರಿ, ಪಕ್ಕದಲ್ಲಿ ತೊಳೆಯದ ಚಕ್ರ. ಹಲ್ಲುಗಳ ನಡುವೆ ಒಣಗಿದ ಹಿಟ್ಟನ್ನು ಪಿನ್ನಿನಿಂದ ಕೆದಕುತ್ತ ಜಗಲಿಯಲ್ಲಿ ಕುಳಿತೆ. ಎದುರುಮನೆಯ ಮಾಡಿನ ಕೆಳಗೆ ಇನ್ನೂ ಕತ್ತಲು. ಇಪ್ಪತ್ತನಾಲ್ಕರ ರಾತ್ರಿಯವರೆಗೆ ಅಲ್ಲಿ ದೀಪ ಹತ್ತುವುದಿಲ್ಲ.