ಫೈಬರ್ ಆಮೆಗೆ ಕಲ್ಲಿನ ಕಾವಲು

ಕಡಲ ಸಂರಕ್ಷಣೆಯ ಕಾರ್ಯದಲ್ಲಿ ಅತಿ ದೊಡ್ಡ ಅಡಚಣೆಯೆಂದರೆ ಕಡಲೇ ಎಂಬ ಸಂಗತಿ ನಮ್ಮ ಆಡಳಿತಕ್ಕೆ ಬಹು ಹಿಂದೆಯೇ ಮನದಟ್ಟಾಗಿದೆ. ಅದು ಹೇಳಿದ ಮಾತು ಕೇಳುವುದಿಲ್ಲ. ಉದ್ಘಾಟನೆಯ ಮುಹೂರ್ತಕ್ಕೆ ಸರಿಯಾಗಿ ಸತ್ತ ಮೀನನ್ನೂ ಹರಿದ ಬಲೆಯನ್ನೂ ತಂದು ದಡಕ್ಕೆ ಎಸೆಯುತ್ತದೆ. ಹೀಗಾಗಿ, ಕಡಲ ಜೀವಿಗಳ ಕುರಿತು ಜನರಲ್ಲಿ ಅರಿವು ಮೂಡಿಸಲು ಕಡಲಿಗೆ ಬೆನ್ನು ಹಾಕಿದ ಹವಾನಿಯಂತ್ರಿತ ಸಂದರ್ಶಕ ಕೇಂದ್ರವೇ ತಕ್ಕದ್ದೆಂದು ತೀರ್ಮಾನವಾಗುತ್ತದೆ.

ಅಂಥದ್ದೊಂದು ಕೇಂದ್ರ ಕಾರವಾರದಿಂದ ಉಳ್ಳಾಲದವರೆಗೆ ನಿಮಗಿಷ್ಟ ಬಂದ ಊರಿನಲ್ಲಿದೆಯೆಂದು ಊಹಿಸಿಕೊಳ್ಳಿ. ಬಾಗಿಲಲ್ಲೇ ಫೈಬರಿನ ಆಲಿವ್ ರಿಡ್ಲಿ ಕಡಲಾಮೆ. ನಿಜವಾದ ಆಮೆ ಸುಮಾರು ಎರಡಡಿ ಉದ್ದವಿದ್ದರೆ ಇದು ಎಮ್ಮೆಯಷ್ಟಿದೆ, ಏಕೆಂದರೆ ಸೆಲ್ಫಿಯಲ್ಲಿ ಕಾಣಿಸಬೇಕು. ಪಕ್ಕದ ಫಲಕದ ಮಾಹಿತಿಯಲ್ಲಿ ಮಾತ್ರ ಎಳ್ಳಷ್ಟೂ ತಪ್ಪಿಲ್ಲ: ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆಗಳನ್ನಿಡುತ್ತದೆ, 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಕಡಲಿನ ಮೇಲಿನ ಮಂದ ಬೆಳಕನ್ನು ಗುರುತು ಹಿಡಿದು ನೀರಿನತ್ತ ಸಾಗುತ್ತವೆ, ದಡದಲ್ಲಿ ಪ್ರಖರವಾದ ದೀಪವಿದ್ದರೆ ದಾರಿ ತಪ್ಪುತ್ತವೆ. ಈ ಫಲಕವನ್ನು ರಾತ್ರಿಯಲ್ಲೂ ಓದಲು ಅನುಕೂಲವಾಗಲೆಂದು ಅದರ ನೆತ್ತಿಯ ಮೇಲೆ ಹೈಮಾಸ್ಟ್ ದೀಪ ನಿಲ್ಲಿಸಲಾಗಿದೆ. ದಾರಿ ತಪ್ಪಿದ ಮರಿಗಳು ನೇರವಾಗಿ ಇಲ್ಲಿಗೇ ಬಂದು, ತಾವು ಏಕೆ ದಾರಿ ತಪ್ಪಿದೆವೆಂಬುದನ್ನು ಸವಿವರವಾಗಿ ಓದಿಕೊಳ್ಳಬಹುದು.

ಶಿಕ್ಷಣವೆಂದ ಮೇಲೆ ವಿದ್ಯಾರ್ಥಿಗಳು ಬೇಕು. ಶಾಲಾ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು, ಕಡಲಿನ ಸಕಲ ಸಂಕಟಗಳಿಗೂ ಅವರು ಎಸೆಯುವ ಚಾಕೊಲೇಟ್ ಹೊದಿಕೆಯೇ ಕಾರಣವೆಂದು ಒಪ್ಪಿಸಿ, ಪ್ರತಿಜ್ಞೆ ಬೋಧಿಸಿ, ಉಪ್ಪಿಟ್ಟು ಕೊಟ್ಟು ಕಳುಹಿಸಲಾಗುತ್ತದೆ. ನಾಡದೋಣಿಯವರಿಗೆ ಮರಿಮೀನು ಹಿಡಿಯಬಾರದೆಂಬ ಉಪನ್ಯಾಸವಿರುತ್ತದೆ. ನಿಷೇಧವಿದ್ದರೂ ಬುಲ್ ಟ್ರಾಲಿಂಗ್ (ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವುದು) ಮತ್ತು ಲೈಟ್ ಫಿಶಿಂಗ್ (ಪ್ರಖರ ದೀಪದಿಂದ ಮೀನನ್ನು ಸೆಳೆದು ಹಿಡಿಯುವುದು) ನಡೆಸುವವರು ಮಾತ್ರ ತರಗತಿಗೆ ಬರುವುದಿಲ್ಲ. ಅವರು ಆ ಹೊತ್ತಿನಲ್ಲಿ ಕಡಲಿನಲ್ಲಿ ಕೆಲಸದಲ್ಲಿರುತ್ತಾರೆ, ಅವರಿಗೆ ತೊಂದರೆ ಕೊಡುವುದು ಸೌಜನ್ಯವಲ್ಲ.

ಇದನ್ನು ಉತ್ಪ್ರೇಕ್ಷೆಯೆನ್ನುವವರು ಹೊನ್ನಾವರದ ಕಾಸರಕೋಡಿನ ಕಡೆಗೊಮ್ಮೆ ನೋಡಬಹುದು. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಪಡುಬಿದ್ರಿಯ ಜೊತೆಗೇ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆ ಬಾವುಟಕ್ಕಿರುವ ಮಾನದಂಡಗಳಲ್ಲಿ ಪರಿಸರ ಶಿಕ್ಷಣವೂ ಒಂದು. ಅದೇ ಕಾಸರಕೋಡಿನ ಟೊಂಕ ಪ್ರದೇಶದಲ್ಲಿ ಖಾಸಗಿ ಬಂದರು ಮತ್ತದರ ರಸ್ತೆಯನ್ನು ವಿರೋಧಿಸಿದ ಮೀನುಗಾರರು, ಇದು ಆಮೆ ಮೊಟ್ಟೆಯಿಡುವ ಮರಳೆಂದು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಒಂದು ತುದಿಯಲ್ಲಿ ಆಮೆಯ ಕುರಿತು ಕಲಿತವರಿಗೆ ಪ್ರಮಾಣಪತ್ರ, ಇನ್ನೊಂದು ತುದಿಯಲ್ಲಿ ಆಮೆಯ ಹೆಸರೆತ್ತಿ ಪ್ರತಿಭಟಿಸಿದವರಿಗೆ ಮೊಕದ್ದಮೆ. ಬಾವುಟದ ಗಡಿ ದಾಟಿದ ಕೂಡಲೇ ಶಿಕ್ಷಣವು ಶಿಕ್ಷೆಯ ರೂಪ ತಾಳುವುದನ್ನು ಆಮೆಗಳಿಗೆ ಯಾರು ತಿಳಿಸಬೇಕೋ ಗೊತ್ತಿಲ್ಲ.

ನಮ್ಮ ಊಹೆಯ ಕೇಂದ್ರಕ್ಕೆ ಮರಳೋಣ. ಭರತದ ರೇಖೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗಡಿಯಿಂದ, 500 ಮೀಟರಿನೊಳಗಿನ ನಿರ್ಮಾಣಗಳಿಗೆ 1991ರಿಂದಲೂ ಕರಾವಳಿ ನಿಯಂತ್ರಣ ವಲಯದ ಕಟ್ಟುಪಾಡುಗಳಿವೆ. ಈ ನಿಯಮಗಳ ಸಚಿತ್ರ ವಿವರಣೆ ಕೇಂದ್ರದ ಮೂರನೆಯ ಕೋಣೆಯಲ್ಲಿದೆ. ಕೋಣೆ ಭರತದ ರೇಖೆಯಿಂದ ಕೂಗಳತೆಯ ದೂರದಲ್ಲಿದೆ. ಮಳೆಗಾಲದಲ್ಲಿ ಕಡಲು ಆ ಕೋಣೆಯ ಮೆಟ್ಟಿಲನ್ನು ಕೊಂಡೊಯ್ದಾಗ, ಕೇಂದ್ರವನ್ನು ಉಳಿಸಲು ತಡೆಗೋಡೆ ಬೇಕೆಂಬ ಬೇಡಿಕೆ ಎದ್ದಿತು. ಘಟ್ಟದ ಕ್ವಾರಿಗಳಿಂದ ಲಾರಿಗಟ್ಟಲೆ ಕಲ್ಲು ಇಳಿಯಿತು. ಕಲ್ಲು ಪೇರಿಸಿದಲ್ಲಿ ಎದುರಿನ ಮರಳು ಅಲೆಯ ಹೊಡೆತಕ್ಕೆ ತೊಳೆದುಹೋಗುತ್ತದೆಂದೂ, ದಡ ಹತ್ತಿದ ಆಮೆ ಆ ಕಲ್ಲಿಗೆ ಬಡಿದು ಮೊಟ್ಟೆಯಿಡದೆ ಹಿಂದಿರುಗುತ್ತದೆಂದೂ ಎರಡನೆಯ ಕೋಣೆಯ ಫಲಕದಲ್ಲೇ ಬರೆದಿದೆ. ಆದರೆ ಎಂಜಿನಿಯರರು ಬಂದ ದಿನ ಕೇಂದ್ರಕ್ಕೆ ವಾರದ ರಜೆಯಿತ್ತು.

ಈಗ ಗೋಡೆ ಸಿದ್ಧವಾಗಿದೆ, ಫೈಬರ್ ಆಮೆ ಸುರಕ್ಷಿತವಾಗಿದೆ. ಉಳಿದ ಅನುದಾನದಲ್ಲಿ ಗೋಡೆಯ ಮೇಲೆ ‘ಕಡಲಾಮೆಗಳು ಮೊಟ್ಟೆಯಿಡುವ ಪ್ರದೇಶ, ದಯವಿಟ್ಟು ಶಾಂತವಾಗಿರಿ’ ಎಂಬ ಫಲಕ ನೆಡಲು ಟೆಂಡರ್ ಕರೆಯಲಾಗಿದೆ. ಅಕ್ಷರಗಳು ರಸ್ತೆಯ ಕಡೆಗೆ ಮುಖ ಮಾಡಿರಬೇಕು, ಹಿಂದೆ ದೀಪವಿರಬೇಕು ಎಂಬುದು ಷರತ್ತು.