ಐದು ಸ್ಟಾರ್, ನಾಲ್ಕು ಫಿಲ್ಟರ್

ಮ್ಯೂಚುವಲ್ ಫಂಡ್ ಆರಿಸುವುದು ಜನರಿಗೆ ಸುಲಭವಾಗಲಿ ಅಂತ 2017ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಸ್ಕೀಮುಗಳನ್ನು ವಿಂಗಡಿಸಿತು. ಎಷ್ಟು ವರ್ಗ? ಬರೀ 36. ಒಂದು ಫಂಡ್ ಕಂಪನಿ ಒಂದು ವರ್ಗದಲ್ಲಿ ಒಂದೇ ಸ್ಕೀಮು ಇಟ್ಟುಕೊಳ್ಳಬೇಕು ಎಂದಿತು. ಷೇರು ಸೂಚ್ಯಂಕವನ್ನೇ ನಕಲು ಮಾಡುವ ಇಂಡೆಕ್ಸ್ ಫಂಡು, ಒಂದೇ ಉದ್ಯಮದಲ್ಲಿ ದುಡ್ಡು ಹಾಕುವ ಸೆಕ್ಟರ್ ಫಂಡು, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಂಪನಿಗಳು ಇನ್ನೆಲ್ಲಿಗೆ ಹೋಗಬೇಕು ಹೇಳಿ? ಆ ಬಾಗಿಲಲ್ಲೇ ನುಗ್ಗಿದವು.

ಈ ನೂಕುನುಗ್ಗಲಲ್ಲಿ ನಮ್ಮ ಕೈಹಿಡಿಯಲು ಬಂದದ್ದು ಫಂಡುಗಳನ್ನು ಜರಡಿ ಹಿಡಿದು ತೋರಿಸುವ ಸ್ಕ್ರೀನರ್. ಫೋನಿನಲ್ಲೇ ಸಿಗುತ್ತದೆ, ಅದೂ ಪುಕ್ಕಟೆ. ಲಾರ್ಜ್ ಕ್ಯಾಪ್, ಅಂದರೆ ದೊಡ್ಡ ಕಂಪನಿಗಳ ಫಂಡು, ಟಿಕ್ ಮಾಡಿ. ಐದು ಸ್ಟಾರ್ ಟಿಕ್ ಮಾಡಿ. ಎಕ್ಸ್‌ಪೆನ್ಸ್ ರೇಶಿಯೋ, ಅಂದರೆ ಫಂಡ್ ಕಂಪನಿ ಹಿಡಿದುಕೊಳ್ಳುವ ಖರ್ಚಿನ ಪಾಲು, ಕಡಿಮೆ ಇರಲಿ, ಶಾರ್ಪ್ ರೇಶಿಯೋ ಜಾಸ್ತಿ ಇರಲಿ. ಶಾರ್ಪ್ ಅಂದರೆ ಏನು ಅಂತ ಮಾತ್ರ ಕೇಳಬೇಡಿ. ಜಾಸ್ತಿ ಇದ್ದರೆ ಒಳ್ಳೆಯದಂತೆ, ಅಷ್ಟೇ. ಇಷ್ಟೆಲ್ಲ ಅಳೆದು ತೂಗಿ, ಕೊನೆಗೆ ಟಿಕ್ಕುಗಳನ್ನೆಲ್ಲ ಅಳಿಸಿ, ಬೆರಳು ಒತ್ತುವುದು 'ಒಂದು ವರ್ಷದ ರಿಟರ್ನ್ಸ್, ಜಾಸ್ತಿಯಿಂದ ಕಡಿಮೆಗೆ' ಎಂಬಲ್ಲಿ. ಮೇಲೆ ಬಂದವನೇ ಗೆದ್ದ.

ಹೋದ ವರ್ಷ ಬೆಲೆ ಬಂತು ಅಂತ ಕೋಲಾರದ ಕಡೆ ಊರಿಗೆ ಊರೇ ಟೊಮೆಟೊ ಹಾಕಿ, ಆಮೇಲೆ ಕೊಳ್ಳುವವರಿಲ್ಲದೆ ರಸ್ತೆಗೆ ಸುರಿದರೆ ಬೆಂಗಳೂರಿನವರು ಏನನ್ನುತ್ತಾರೆ? 'ಇವರಿಗೆ ಪ್ಲಾನಿಂಗೇ ಗೊತ್ತಿಲ್ಲ.' ಅಂದವರೇ ಹೋದ ವರ್ಷ ಏರಿದ ಸೆಕ್ಟರ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಹಾಕುತ್ತಾರೆ. ಪಾಪ, ರೈತನ ಹತ್ತಿರ ಶಾರ್ಪ್ ರೇಶಿಯೋ ಇರಲಿಲ್ಲ.

ಪಟ್ಟಿಯ ಬುಡದಲ್ಲಿ ಸಣ್ಣಕ್ಷರದಲ್ಲಿ ಒಂದು ಮಾತಿರುತ್ತದೆ: ಹಿಂದೆ ಸಿಕ್ಕ ಲಾಭ ಮುಂದೆಯೂ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ಮೇಲಿನಿಂದ ಕೆಳಗಿನವರೆಗೂ ಬರೀ ಹಿಂದಿನ ಲಾಭವನ್ನೇ ತೋರಿಸಿ, ಕೊನೆಗೆ ಇದನ್ನು ನಂಬಬೇಡಿ ಅನ್ನುವುದು! ಅದೂ ಪೂರ್ತಿ ಪಟ್ಟಿಯಲ್ಲ. ಸೊರಗಿದ ಸ್ಕೀಮನ್ನು ಇನ್ನೊಂದರ ಜೊತೆ ವಿಲೀನ ಮಾಡುವುದುಂಟು. ಅದರಲ್ಲಿ ದುಡ್ಡು ಹಾಕಿದವರಿಗೆ ಸೂಚನೆ ಬರುತ್ತದೆ, ಪಟ್ಟಿ ನೋಡುವವರಿಗೆ ಹೆಸರೂ ಕಾಣಿಸುವುದಿಲ್ಲ. ಉಳಿದವರೆಲ್ಲ ಬಲು ಜಾಣರು ಅನ್ನಿಸದೆ ಇರುತ್ತದಾ?

ಸರಿ, ಅಪಾಯ ಎಷ್ಟಿದೆ ನೋಡೋಣ ಅಂದರೆ ಬಣ್ಣಬಣ್ಣದ ರಿಸ್ಕೋಮೀಟರ್ ಇದೆ. 2021ರಿಂದ ಅದಕ್ಕೆ ಆರು ಹಂತ. ಷೇರುಗಳಲ್ಲಿ ದುಡ್ಡು ಹಾಕುವ ಈಕ್ವಿಟಿ ಫಂಡುಗಳಲ್ಲಿ ಮುಳ್ಳು ಹೆಚ್ಚುಕಮ್ಮಿ ಎಲ್ಲದಕ್ಕೂ ಆರನೆಯ, ಅತಿ ಅಪಾಯದ ಹಂತದಲ್ಲೇ ನಿಂತಿರುತ್ತದೆ. ಇನ್ನು ಆರಿಸುವುದೇನು?

ಇದರಲ್ಲೆಲ್ಲ ನನಗೆ ತುಂಬಾ ಮಜಾ ಕೊಡುವುದು ನಿಫ್ಟಿ 50 ಎಂಬ ಷೇರು ಸೂಚ್ಯಂಕದ ಇಂಡೆಕ್ಸ್ ಫಂಡುಗಳ ಹೋಲಿಕೆ. ಯಾವುದನ್ನು ತೆಗೆದರೂ ಒಳಗಿರುವುದು ಅದೇ 50 ಕಂಪನಿ, ಹೆಚ್ಚುಕಮ್ಮಿ ಅದೇ ಪಾಲು. ಖರ್ಚು ಎಷ್ಟು, ಇಂಡೆಕ್ಸಿಗಿಂತ ಎಷ್ಟು ಹಿಂದೆ ಬಿದ್ದಿದೆ ಅಂತ ನೋಡಿದರೆ ಮುಗಿಯಿತು. ಆದರೆ ನಮ್ಮವರು ಬಿಡಬೇಕಲ್ಲ? ಐದೈದು ಫಂಡು ಪಕ್ಕಪಕ್ಕ ಇಟ್ಟು, ಎಕ್ಸೆಲ್‌ಗೆ ಇಳಿಸಿ, ದಶಮಾಂಶದ ಎರಡನೇ ಅಂಕಿಗಾಗಿ ಭಾನುವಾರ ಇಡೀ ಗುದ್ದಾಡುತ್ತಾರೆ. ಸೋಮವಾರ ಬ್ಯಾಂಕಿನಲ್ಲಿ ಪರಿಚಯದ ಹುಡುಗ 'ಒಂದು ಸೈನ್ ಹಾಕಿ ಸಾಕು ಸರ್' ಅನ್ನುತ್ತಾನೆ. ಇವರು ಕಮಿಷನ್ ಸೇರಿಸಿದ ರೆಗ್ಯುಲರ್ ಪ್ಲಾನಿಗೆ ಸೈನ್ ಹಾಕುತ್ತಾರೆ. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರಿಂದಲೂ ಇದೆ. ಸ್ಕ್ರೀನರಿನಲ್ಲಿ ಅದಕ್ಕೂ ಒಂದು ಫಿಲ್ಟರ್ ಇತ್ತು.